ಭುಜದ ನೋವಿಗೆ ಡ್ರೈ ನೀಡ್ಲಿಂಗ್ ಮಾಡಿಸಬಹುದಾ? ನನ್ನ ಕೆಲಸ ರೊಟ್ಟಿ ಬಡಿಯುವುದು

ರೊಟ್ಟಿ ಅಕ್ಕ, ಹಳೇ ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹಳೇ ಹುಬ್ಬಳ್ಳಿಯಲ್ಲಿ ಮನೆಯಲ್ಲೇ ರೊಟ್ಟಿ ಕೇಂದ್ರ ನಡೆಸುತ್ತೇನೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಡಕ್ ರೊಟ್ಟಿ ಎಲ್ಲಾ ಮಾಡುತ್ತೇನೆ. ಎರಡು ಖಾನಾವಳಿಗಳಿಗೆ ದಿನಾ ಕೊಡಬೇಕು. ಮದುವೆ, ಸೀಮಂತದ ಆರ್ಡರ್ ಬಂದರೆ ಇನ್ನಿಬ್ಬರು ಹೆಂಗಸರನ್ನು ಕರೆಸಿಕೊಳ್ಳುತ್ತೇನೆ. ವಯಸ್ಸು 48. ಶುಗರ್ ಇದೆ, ಮಾತ್ರೆ ನಡೆದಿದೆ.

ದೀಪಾವಳಿ ಆದಮೇಲೆ ಬಲಭುಜದ ನೋವು ಶುರುವಾಯಿತು. ಭುಜದ ಮುಂಭಾಗದಲ್ಲಿ, ಒಳಗೆ ಆಳದಲ್ಲಿ ಹಿಂಡಿದ ಹಾಗೆ ಆಗುತ್ತದೆ. ಅಲ್ಲಿಂದ ತೋಳಿಗೆ ಇಳಿಯುತ್ತದೆ. ರಾತ್ರಿ ಬಲಮಗ್ಗುಲಿಗೆ ಮಲಗಲು ಆಗುವುದಿಲ್ಲ. ಕೈ ಹಿಂದೆ ಒಯ್ದು ಸೀರೆ ಸಿಕ್ಕಿಸಿಕೊಳ್ಳುವಾಗ ಕಣ್ಣಲ್ಲಿ ನೀರು ಬರುತ್ತದೆ. ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಎಲುಬು ಚೆನ್ನಾಗಿದೆ ಎಂದರು. ಮಾತ್ರೆ ಮುಗಿಯುವವರೆಗೆ ಆರಾಮ, ಮುಗಿದ ಮೇಲೆ ಮತ್ತೆ ಅದೇ ಕಥೆ. ಆಮೇಲೆ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿ ಶಾಖ ಕೊಟ್ಟರು, ಕರೆಂಟ್ ಕೊಟ್ಟರು. ಅಷ್ಟೇನೂ ಫರಕು ಕಾಣಲಿಲ್ಲ.

ಈಗ ಅವರು ಡ್ರೈ ನೀಡ್ಲಿಂಗ್, ಅಂದರೆ ಮದ್ದಿಲ್ಲದ ಸಣ್ಣ ಸೂಜಿಯನ್ನು ಸ್ನಾಯುವಿಗೆ ಚುಚ್ಚುವ ಚಿಕಿತ್ಸೆ, ಮಾಡೋಣ ಅನ್ನುತ್ತಿದ್ದಾರೆ. ಒಂದು ಸಲಕ್ಕೆ 500 ರೂಪಾಯಿ. ಸೂಜಿ ಹಾಕುವುದು ಬೆನ್ನ ಮೇಲಿನ ರೆಕ್ಕೆ ಎಲುಬಿನ ಜಾಗದಲ್ಲಂತೆ. ನನಗೆ ತಿಳಿಯದೇ ಇರುವುದು ಇದೇ. ನೋವು ಮುಂದೆ, ಸೂಜಿ ಹಿಂದೆ ಯಾಕೆ? ಶುಗರ್ ಇದ್ದವರು ಮಾಡಿಸಿಕೊಳ್ಳಬಹುದಾ? ಸೂಜಿ ಎಲ್ಲಿಯಾದರೂ ಶ್ವಾಸಕೋಶಕ್ಕೆ ತಾಗಿದರೆ ಏನು ಗತಿ ಅಂತ ಮಗಳು ಹೆದರಿಸುತ್ತಿದ್ದಾಳೆ. ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಕೆಲಸ ಬಿಟ್ಟು ಕೂರುವ ಹಾಗಿಲ್ಲ.

ಮಗ್ಗದ ಮನೆ, ಬೆಟಗೇರಿ

ಅಕ್ಕಾ, ನಾನು ಮಾಡಿಸಿಕೊಂಡಿದ್ದೇನೆ. ನಮ್ಮದು ಕೈಮಗ್ಗ. ಬಲಗೈಯಲ್ಲಿ ಲಾಳಿಯ ಹಗ್ಗ ಎಳೆಯಬೇಕು, ಕುತ್ತಿಗೆ ಬಗ್ಗಿಸಿ ಎಳೆ ನೋಡುತ್ತಾ ಇರಬೇಕು. ನನಗೆ ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ದಪ್ಪ ಮಾಂಸದಲ್ಲಿ ನೋವು, ಸಂಜೆಯಾದರೆ ಕಣ್ಣಿನ ಪಕ್ಕದವರೆಗೆ ತಲೆನೋವು.

ಸೂಜಿ ಚರ್ಮಕ್ಕೆ ಹೋಗಿದ್ದೇ ಗೊತ್ತಾಗಲಿಲ್ಲ. ಒಳಗೆ ಒಂದು ಜಾಗಕ್ಕೆ ಮುಟ್ಟಿದಾಗ ಮಾತ್ರ ಆ ಮಾಂಸ ತಾನೇ ಪಟ್ ಅಂತ ಹಾರಿತು. ಜೊತೆಗೆ ತಲೆನೋವು ಬರುವ ಆ ಕಣ್ಣಿನ ಪಕ್ಕದ ಜಾಗದಲ್ಲೇ ಜುಮ್ ಎಂದಿತು. ಅದು ಒಂದು ಕ್ಷಣ. ಅವತ್ತು ರಾತ್ರಿ, ಮರುದಿನ ಯಾರೋ ಗುದ್ದಿದ ಹಾಗೆ ನೋವಿತ್ತು. ಮೂರನೇ ದಿನಕ್ಕೆ ಕುತ್ತಿಗೆ ಎರಡೂ ಕಡೆ ಸಲೀಸಾಗಿ ತಿರುಗಿತು. ಹಿಂದಿನ ದಿನ ಸರಿಯಾಗಿ ಊಟ ಮಾಡಿರಲಿಲ್ಲ, ಖಾಲಿ ಹೊಟ್ಟೆಯಲ್ಲಿ ಹೋಗಿದ್ದೆ. ಮುಗಿದ ಮೇಲೆ ಎದ್ದು ಕೂತಾಗ ತಲೆ ಸುತ್ತಿತು. ನೀವು ಏನಾದರೂ ತಿಂದುಕೊಂಡು ಹೋಗಿ.

ನಿವೃತ್ತ ಶಿಕ್ಷಕ, ಹಾವೇರಿ

ನನ್ನ ಅನುಭವ ಬೇರೆ. ನಮ್ಮ ಮನೆಯವರಿಗೆ ಸೊಂಟನೋವಿಗೆ ಒಂದು ಕಡೆ ಸೂಜಿ ಹಾಕಿಸಿದೆವು. ವಾರಕ್ಕೊಮ್ಮೆ ಹೋಗುವುದು, ಮಲಗುವುದು, ಸೂಜಿ ಹಾಕಿಸಿಕೊಂಡು ಬರುವುದು. ಪ್ರತಿ ಸಲ ನಾಲ್ಕು ದಿನ ಆರಾಮ, ಐದನೇ ದಿನ ಮತ್ತೆ ನೋವು. ಯಾಕೆ ನೋವು ಬರುತ್ತಿದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ಒಂದು ವ್ಯಾಯಾಮವನ್ನೂ ಹೇಳಿಕೊಡಲಿಲ್ಲ. ಕೊನೆಗೆ ನಾವೇ ಬಿಟ್ಟೆವು. ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೂ ನಾಲ್ಕು ದಿನ ಆರಾಮ ಸಿಗುತ್ತದೆ, ಅದಕ್ಕೆ ಸೂಜಿ ಯಾಕೆ ಎಂಬುದು ನನ್ನ ಪ್ರಶ್ನೆ. ತಿಳಿದವರು ಉತ್ತರಿಸಲಿ.

ಫಿಸಿಯೋ, ಧಾರವಾಡ

ಅಕ್ಕಾ, ನಾನು ಫಿಸಿಯೋಥೆರಪಿಸ್ಟ್. ಡ್ರೈ ನೀಡ್ಲಿಂಗ್ ನಾನೂ ಮಾಡುತ್ತೇನೆ. ನಮ್ಮ ಕಡೆ ಬರುವವರು ಹೆಚ್ಚಾಗಿ ಕೈಕೆಲಸದವರೇ. ನವಲಗುಂದದ ಕಡೆಯಿಂದ ಹತ್ತಿ ಬಿಡಿಸುವ ಹೆಂಗಸರು, ಟೇಲರ್‌ಗಳು, ಬಸ್ ಡ್ರೈವರ್‌ಗಳು. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನೋವು ಮುಂದೆ, ಸೂಜಿ ಹಿಂದೆ ಯಾಕೆ ಅಂದಿರಿ. ಒಳ್ಳೆಯ ಪ್ರಶ್ನೆ. ರೆಕ್ಕೆ ಎಲುಬಿನ ಹಿಂಭಾಗಕ್ಕೆ ಅಂಟಿಕೊಂಡು ಇನ್‌ಫ್ರಾಸ್ಪೈನೇಟಸ್ ಅನ್ನುವ ಒಂದು ಸ್ನಾಯು ಇದೆ. ತೋಳನ್ನು ಹೊರಕ್ಕೆ ತಿರುಗಿಸುವುದು ಅದರ ಕೆಲಸ. ತೋಳಿನ ಎಲುಬಿನ ಗುಂಡನೆಯ ತುದಿಯನ್ನು ಕೀಲಿನಲ್ಲಿ ಹಿಡಿದಿಡುವುದೂ ಅದರದೇ ಕೆಲಸ. ನೀವು ರೊಟ್ಟಿ ಬಡಿಯುವಾಗ ತೋಳು ಮುಂದೆ ಚಾಚಿರುತ್ತದೆ. ಅಂಗೈ ಹಿಟ್ಟಿನ ಮೇಲೆ ಬಿದ್ದಾಗಲೆಲ್ಲ ಈ ಸ್ನಾಯು ಭುಜವನ್ನು ತಡೆದು ಹಿಡಿಯಬೇಕು. ದಿನವಿಡೀ ಬಿಡುವಿಲ್ಲದೆ ಹೀಗೆ ನಡೆದರೆ ಅದರಲ್ಲಿ ಕೆಲವು ಎಳೆಗಳು ಬಿಗಿದುಕೊಂಡು ಕೂರುತ್ತವೆ. ಬೆರಳಿಗೆ ಹುರಿಯಂತೆ ಸಿಗುತ್ತವೆ. ಆ ಬಿಗಿದ ಎಳೆಯಲ್ಲಿ ಒಂದು ಕಡೆ ಮುಟ್ಟಿದರೆ ಸಾಕು, ಜೀವ ಹೋಗುವಷ್ಟು ನೋವು. ಅದನ್ನೇ ಟ್ರಿಗರ್ ಪಾಯಿಂಟ್, ಅಂದರೆ ಸ್ನಾಯುವಿನ ಗಂಟು ಅನ್ನುತ್ತಾರೆ. ಈ ಸ್ನಾಯುವಿನ ಟ್ರಿಗರ್ ಪಾಯಿಂಟ್ ತನ್ನ ನೋವನ್ನು ಭುಜದ ಮುಂದೆ ಆಳದಲ್ಲಿ ತೋರಿಸುತ್ತದೆ, ತೋಳಿಗೂ ಇಳಿಸುತ್ತದೆ. ಆ ಮಗ್ಗುಲಿಗೆ ಮಲಗಲು ಬಿಡುವುದಿಲ್ಲ, ಕೈ ಹಿಂದೆ ಒಯ್ಯಲು ಬಿಡುವುದಿಲ್ಲ. ನೀವು ಬರೆದದ್ದು ಇದಕ್ಕೆ ತುಂಬಾ ಹತ್ತಿರ ಇದೆ.

ಮಗಳ ಕೈಯಲ್ಲಿ ಒಮ್ಮೆ ನೋಡಿಸಿ. ರೆಕ್ಕೆ ಎಲುಬಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಏಣು ಸಿಗುತ್ತದೆ. ಅದರ ಕೆಳಗಿನ ಮಾಂಸದಲ್ಲಿ ಹೆಬ್ಬೆರಳಿನಿಂದ ನಿಧಾನವಾಗಿ ಒತ್ತುತ್ತಾ ಹೋಗಲಿ. ಯಾವುದಾದರೂ ಒಂದು ಜಾಗದಲ್ಲಿ ಒತ್ತಿದಾಗ ಭುಜದ ಮುಂದೆ ನಿಮ್ಮ ಅದೇ ಹಳೆಯ ನೋವು ಎದ್ದರೆ, ನಿಮ್ಮ ಫಿಸಿಯೋ ಹೇಳಿದ ಜಾಗ ಸರಿ ಇದೆ ಅಂತ ಅರ್ಥ.

ಇದನ್ನು ನಾವು ಮೊನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. ಅಮೆರಿಕದ ಡಾಕ್ಟರ್ ಜಾನೆಟ್ ಟ್ರಾವೆಲ್ ಯಾವ ಸ್ನಾಯುವಿನ ಗಂಟು ಎಲ್ಲಿ ನೋವು ತೋರಿಸುತ್ತದೆ ಅಂತ ಒಂದೊಂದೇ ಸ್ನಾಯು ಹಿಡಿದು ಚಿತ್ರ ಬರೆಸಿಟ್ಟರು. ಬೆನ್ನುನೋವಿನಿಂದ ಒದ್ದಾಡುತ್ತಿದ್ದ ಕೆನಡಿಗೆ ಚಿಕಿತ್ಸೆ ಕೊಟ್ಟವರು ಅವರೇ. ಕೆನಡಿ ಅಧ್ಯಕ್ಷರಾದಾಗ ಶ್ವೇತಭವನದ ವೈದ್ಯೆಯೂ ಆದರು. ಅವರು ಗಂಟಿಗೆ ಮರಗಟ್ಟಿಸುವ ಮದ್ದು ಚುಚ್ಚುತ್ತಿದ್ದರು. 1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿಟ್ ಇನ್ನೊಂದು ಮಾತು ಬರೆದರು: ಸೂಜಿ ಸರಿಯಾದ ಜಾಗಕ್ಕೆ ತಾಗಿದರೆ ಮದ್ದಿಲ್ಲದೆಯೂ ನೋವು ಇಳಿಯುತ್ತದೆ. ಈಗ ನಾವು ಮಾಡುವುದು ಅದನ್ನೇ. ಸೂಜಿಯಲ್ಲಿ ಮದ್ದೂ ಇಲ್ಲ, ತೂತೂ ಇಲ್ಲ. ಸಾಮಾನ್ಯವಾಗಿ ದಪ್ಪ 0.25ರಿಂದ 0.30 ಮಿಲಿಮೀಟರ್. ಲ್ಯಾಬಿನಲ್ಲಿ ರಕ್ತ ತೆಗೆಯುವ ಸೂಜಿ ಇದರ ಎರಡು ಪಟ್ಟಿಗಿಂತ ಜಾಸ್ತಿ ದಪ್ಪ ಇರುತ್ತದೆ. ಬೆಟಗೇರಿಯವರಿಗೆ ಸೂಜಿ ಹೋಗಿದ್ದೇ ಗೊತ್ತಾಗದೆ ಇದ್ದದ್ದು ಅದಕ್ಕೇ. ಮಾಂಸ ಪಟ್ ಅಂತ ಹಾರಿದ್ದು ಬೆನ್ನುಹುರಿಯ ಮಟ್ಟದಲ್ಲೇ ಆಗುವ ಪ್ರತಿಕ್ರಿಯೆ. ಹೆದರುವಂಥದ್ದಲ್ಲ.

ಇದು ಅಕ್ಯುಪಂಕ್ಚರ್ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸೂಜಿ ಒಂದೇ ತರಹದ್ದು, ಜಾಗ ಹುಡುಕುವ ದಾರಿ ಬೇರೆ. ಅವರು ಚೀನಾದ ಪದ್ಧತಿಯ ಶಕ್ತಿಯ ಹಾದಿಗಳನ್ನು ನೋಡುತ್ತಾರೆ. ನಾವು ಸ್ನಾಯು, ನರ, ಕೀಲು ನೋಡುತ್ತೇವೆ.

ಈಗ ಹಾವೇರಿ ಗುರುಗಳ ಪ್ರಶ್ನೆಗೆ ಬರುತ್ತೇನೆ. ಸರ್, ನಿಮ್ಮ ಮನೆಯವರಿಗೆ ಆದದ್ದು ಓದಿ ನನಗೆ ಬೇಜಾರಾಯಿತು. ನೀವು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸಂಶೋಧನೆಗಳೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತವೆ. ಡ್ರೈ ನೀಡ್ಲಿಂಗ್‌ನಿಂದ ಕೆಲವು ದಿನ, ಕೆಲವು ವಾರ ನೋವು ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಲೆಕ್ಕ ಹಾಕಿದರೆ ಬೇರೆ ಫಿಸಿಯೋಥೆರಪಿಗಿಂತ ಅದು ದೊಡ್ಡದೇನೂ ಅಲ್ಲ. ನೋವು ಯಾಕೆ ಇಳಿಯುತ್ತದೆ ಎಂಬುದಕ್ಕೂ ಎಲ್ಲರೂ ಒಪ್ಪಿದ ಒಂದೇ ವಿವರಣೆ ಇನ್ನೂ ಬಂದಿಲ್ಲ. ಹಾಗಾದರೆ ನಾನು ಯಾಕೆ ಮಾಡುತ್ತೇನೆ? ಆ ಕೆಲವು ದಿನಗಳಿಗೋಸ್ಕರ. ನೋವಿನಿಂದ ಕೈಯೇ ಎತ್ತದವರಿಗೆ ವ್ಯಾಯಾಮ ಮಾಡಿ ಅಂದರೆ ಹೇಗೆ ಮಾಡುತ್ತಾರೆ? ಸೂಜಿಯಿಂದ ನೋವು ಇಳಿದ ದಿನಗಳಲ್ಲಿ ಅವರು ಕೈ ಎತ್ತುತ್ತಾರೆ. ಆಗ ಆ ಸ್ನಾಯುವಿಗೆ ಬಲ ತುಂಬಬೇಕು. ಅಷ್ಟರಲ್ಲಿ ಬಲ ಬಂದರೆ ನೋವು ಮತ್ತೆ ಬರುವುದು ಕಡಿಮೆಯಾಗುತ್ತದೆ. ಬಲ ತುಂಬದೆ ಸುಮ್ನೆ ಸೂಜಿ ಹಾಕಿ ಕಳಿಸಿದರೆ ಐದನೇ ದಿನ ನೋವು ಬಂದೇ ಬರುತ್ತದೆ. ವ್ಯಾಯಾಮ ಹೇಳಿಕೊಡದೆ ಸೂಜಿ ಹಾಕುವವರ ಹತ್ತಿರ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ಸೂಜಿ ಹಾಕಿ ಕಳಿಸಿಬಿಡಿ, ಬೇರೇನೂ ಬೇಡ ಅನ್ನುವವರೂ ಬರುತ್ತಾರೆ. ಅವರಿಗೆ ನಾನು ಸೂಜಿ ಹಾಕುವುದಿಲ್ಲ.

ಅಕ್ಕಾ, ಇನ್ನು ನಿಮ್ಮ ವಿಷಯದಲ್ಲಿ ನನಗೆ ಸೂಜಿಗಿಂತ ಮುಖ್ಯವಾಗಿ ಕಾಣುವುದು ಬೇರೆ. 48 ವಯಸ್ಸು, ಶುಗರ್, ಭುಜದ ನೋವು. ಈ ಮೂರೂ ಸೇರಿದರೆ ನಾವು ಮೊದಲು ಫ್ರೋಜನ್ ಶೋಲ್ಡರ್ ಇದೆಯಾ ಅಂತ ನೋಡಬೇಕು. ಶುಗರ್ ಇರುವವರಲ್ಲಿ ಅದು ಬೇರೆಯವರಿಗಿಂತ ಬಹಳ ಜಾಸ್ತಿ. ಅದರಲ್ಲಿ ಕೀಲನ್ನು ಸುತ್ತಿಕೊಂಡ ಪೊರೆಯೇ ದಪ್ಪಗಾಗಿ ಕುಗ್ಗುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಚೆನ್ನಾಗಿಯೇ ಕಾಣುತ್ತದೆ. ಆ ಪೊರೆಯನ್ನು ಸ್ನಾಯುವಿಗೆ ಹಾಕಿದ ಸೂಜಿ ಸಡಿಲ ಮಾಡುವುದಿಲ್ಲ.

ಪರೀಕ್ಷೆ ಸುಲಭ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ ಮಡಚಿ, ಅಂಗೈ ಒಳಮುಖವಾಗಿರಲಿ. ಕೈಯನ್ನು ಪೂರ್ತಿ ಸಡಿಲ ಬಿಡಿ. ಮಗಳು ನಿಮ್ಮ ಮುಂಗೈ ಹಿಡಿದು ನಿಧಾನವಾಗಿ ಹೊರಕ್ಕೆ ತಿರುಗಿಸಲಿ. ಎಡಗೈಗೂ ಹಾಗೇ ಮಾಡಲಿ. ಸ್ವಲ್ಪ ನೋವಾದರೂ ಎರಡೂ ಕೈ ಒಂದೇ ಸಮ ತಿರುಗಿದರೆ ತೊಂದರೆ ಸ್ನಾಯುವಿನದೇ ಇರಬಹುದು. ಬಲಗೈ ಅರ್ಧಕ್ಕೇ ಗಕ್ಕನೆ ನಿಂತು, ಬೇರೆಯವರು ತಿರುಗಿಸಿದರೂ ಹೋಗದಿದ್ದರೆ ಅದು ಫ್ರೋಜನ್ ಶೋಲ್ಡರ್ ಇರುವ ಸಾಧ್ಯತೆ ಜಾಸ್ತಿ. ಆಗ ಚಿಕಿತ್ಸೆಯ ದಾರಿ ಬೇರೆ, ಹಿಡಿಯುವ ಸಮಯವೂ ಜಾಸ್ತಿ. ಮಗಳು ಮಾಡಿದ್ದನ್ನೇ ಕೊನೆ ಅಂದುಕೊಳ್ಳಬೇಡಿ. ನಿಮ್ಮ ಫಿಸಿಯೋ ಹತ್ತಿರ ಇದನ್ನು ಮಾಡಿಸಿ, ಎಷ್ಟು ತಿರುಗುತ್ತದೆ ಅಂತ ಬರೆದುಕೊಳ್ಳಲು ಹೇಳಿ. ಮುಂದೆ ಸುಧಾರಣೆ ಆಯಿತೋ ಇಲ್ಲವೋ ನೋಡಲು ಅದು ಬೇಕು.

ಇನ್ನೊಂದು ಮಾತು. ಮೆಟ್ಟಿಲು ಹತ್ತುವಾಗ, ಜೋರಾಗಿ ನಡೆಯುವಾಗ ಭುಜ ಅಥವಾ ತೋಳಿನ ನೋವು ಬಂದು, ನಿಂತರೆ ಹೋಗುತ್ತಿದ್ದರೆ, ಜೊತೆಗೆ ಬೆವರು, ಏದುಸಿರು ಇದ್ದರೆ ಫಿಸಿಯೋ ಹತ್ತಿರ ಹೋಗಬೇಡಿ. ಮೊದಲು ಇಸಿಜಿ ಮಾಡಿಸಿ. ಶುಗರ್ ಇದ್ದವರಿಗೆ ಇದನ್ನು ನಾನು ಬಿಡದೆ ಹೇಳುತ್ತೇನೆ.

ಮಗಳ ಹೆದರಿಕೆ ಸುಳ್ಳಲ್ಲ. ಸೂಜಿ ಶ್ವಾಸಕೋಶದ ಪೊರೆಗೆ ತಾಗಿ ಗಾಳಿ ಸೋರುವುದು ಅಪರೂಪ, ಆದರೆ ಆಗಿದ್ದುಂಟು. ನಿಮಗೆ ಹೇಳಿದ ಜಾಗದಲ್ಲಿ ಸ್ನಾಯುವಿನ ಕೆಳಗೆ ರೆಕ್ಕೆ ಎಲುಬು ಹಲಗೆಯಂತೆ ಅಡ್ಡ ಇದೆ. ಸೂಜಿ ಎಲುಬಿಗೆ ತಾಗಿ ನಿಲ್ಲುತ್ತದೆ. ರೆಕ್ಕೆ ಎಲುಬಿನ ಅಂಚು ದಾಟಿದರೆ ಮಾತ್ರ ಪಕ್ಕೆಲುಬುಗಳ ನಡುವಿನ ಸಂದು. ಬೆಟಗೇರಿಯವರಿಗೆ ಹಾಕಿದ ಜಾಗದಲ್ಲಿ ಶ್ವಾಸಕೋಶದ ತುದಿ ಇನ್ನೂ ಹತ್ತಿರ. ಅದಕ್ಕೆ ಅಲ್ಲಿ ಮಾಂಸವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ, ಆ ಬೆರಳುಗಳ ನಡುವೆಯೇ ಸೂಜಿ ಹಾಕುತ್ತೇವೆ. ಮಾಡಿಸಿಕೊಂಡ ಮೇಲೆ ಉಸಿರು ಎಳೆದರೆ ಎದೆ ಚುಚ್ಚುವುದು, ಏದುಸಿರು, ಒಣ ಕೆಮ್ಮು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡದ್ದನ್ನು ಹೇಳಿ. ಕೆಲವೊಮ್ಮೆ ಇದು ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ.

ಶುಗರ್ ಇದ್ದರೆ ಮಾಡಿಸಿಕೊಳ್ಳಬಾರದು ಅಂತಿಲ್ಲ. ಹತೋಟಿಯಲ್ಲಿ ಇರಬೇಕು ಅಷ್ಟೇ. ತುಂಬಾ ಏರಿದ್ದರೆ ಸೋಂಕಿನ ಭಯ ಇರುತ್ತದೆ. ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್ (ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತಪರೀಕ್ಷೆ) ತೆಗೆದುಕೊಂಡು ಹೋಗಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ ಸೂಜಿ ನಿಮ್ಮ ಕಣ್ಣೆದುರೇ ಡಬ್ಬಿಗೆ ಬೀಳಬೇಕು. ಇದನ್ನು ಕೇಳಲು ಸಂಕೋಚ ಬೇಡ. ಮಾಡುವವರು ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದವರಾ, ಆಮೇಲೆ ನೀಡ್ಲಿಂಗ್ ಬೇರೆಯಾಗಿ ಕಲಿತವರಾ ಅಂತಲೂ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಳ್ಳಬಾರದು.

ಕೊನೆಗೆ ನಿಮ್ಮ ಕೆಲಸ. ನೆಲದ ಮೇಲೆ ಕೂತು, ಮುಂದೆ ಬಾಗಿ, ತೋಳು ದೂರ ಚಾಚಿ ಬಡಿಯುತ್ತೀರಾ? ಹಾಗಿದ್ದರೆ ಮೊದಲು ಅದನ್ನು ಬದಲಿಸಿ. ಹಲಗೆಯನ್ನು ಹತ್ತಿರ ಎಳೆದುಕೊಳ್ಳಿ, ಮೊಣಕೈ ಪಕ್ಕೆಯ ಹತ್ತಿರವೇ ಇರಲಿ. ಸಾಧ್ಯವಾದರೆ ಹಲಗೆಯನ್ನು ಸೊಂಟದ ಎತ್ತರದ ಕಟ್ಟೆಯ ಮೇಲೆ ಇಟ್ಟುಕೊಂಡು, ನಿಂತು ಮಾಡಿ. ನಿಮ್ಮ ಜೊತೆ ಇನ್ನಿಬ್ಬರು ಬಂದ ದಿನ ಒಬ್ಬರೇ ಬಡಿಯುತ್ತಾ ಕೂರಬೇಡಿ. ಸ್ವಲ್ಪ ಹೊತ್ತು ಬಡಿಯಿರಿ, ಸ್ವಲ್ಪ ಹೊತ್ತು ಹೆಂಚಿನ ಮುಂದೆ ಕೂರಿ. ಹಿಟ್ಟು ನಾದುವುದು ಬಡಿಯುವುದಕ್ಕಿಂತ ಭಾರ. ಅದನ್ನು ಮಾತ್ರ ಕೆಲವು ವಾರ ಬೇರೆಯವರಿಗೆ ಕೊಡಿ. ವ್ಯಾಯಾಮಕ್ಕೆ ಒಂದು ರಬ್ಬರ್ ಬ್ಯಾಂಡ್ ಸಾಕು. ಮೊಣಕೈ ಮತ್ತು ಪಕ್ಕೆಯ ನಡುವೆ ಸುತ್ತಿದ ಟವೆಲ್ ಇಟ್ಟುಕೊಂಡು, ಬ್ಯಾಂಡನ್ನು ನಿಧಾನ ಹೊರಕ್ಕೆ ಎಳೆಯಿರಿ, ಅದಕ್ಕಿಂತ ನಿಧಾನ ಬಿಡಿ. ಟವೆಲ್ ಕೆಳಗೆ ಬೀಳಬಾರದು. ಹತ್ತು ಹನ್ನೆರಡು ಸಲ, ಒಂದು ದಿನ ಬಿಟ್ಟು ಒಂದು ದಿನ. ಎಷ್ಟು ಬಿಗಿಯ ಬ್ಯಾಂಡ್ ಎಂಬುದನ್ನು ಕೈ ನೋಡಿದವರೇ ಹೇಳಬೇಕು.

ಉಣಕಲ್ ಹುಡುಗ

ಮೇಡಂ, ನಮ್ಮ ತಂದೆಗೆ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಪೃಷ್ಠದ ನೋವು ಕಾಲಿಗೆ ಇಳಿಯುತ್ತದೆ. ಇವರಿಗೂ ಇದೇ ಮಾಡಿಸಬಹುದಾ? ಮಾತ್ರೆ ಎರಡು ದಿನ ನಿಲ್ಲಿಸಿ ಹೋದರೆ ನಡೆಯುತ್ತದಾ?

ಫಿಸಿಯೋ, ಧಾರವಾಡ

ಮಾತ್ರೆ ನಿಲ್ಲಿಸಬೇಡಿ. ಯಾವ ಕಾರಣಕ್ಕೂ ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ. ಸ್ಟೆಂಟ್ ಇದ್ದವರು ಆ ಮಾತ್ರೆ ಬಿಟ್ಟರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹೃದಯಾಘಾತ ಆಗಬಹುದು. ಒಂದು ಸೂಜಿಗೋಸ್ಕರ ಆ ಅಪಾಯ ಬೇಡವೇ ಬೇಡ. ಮಾತ್ರೆಯ ಹೆಸರನ್ನು ಫಿಸಿಯೋಗೆ ತೋರಿಸಿ. ಆಳದ ಸ್ನಾಯುವಿಗೆ ಸೂಜಿ ಹಾಕಿದರೆ ಒಳಗೆ ರಕ್ತ ಕಟ್ಟಬಹುದು, ಹೊರಗಿನಿಂದ ಒತ್ತಿ ನಿಲ್ಲಿಸಲೂ ಆಗುವುದಿಲ್ಲ. ನಿಮ್ಮ ತಂದೆಯಂಥವರಿಗೆ ನಾನು ಕೈಯಿಂದ ಒತ್ತುವ ಚಿಕಿತ್ಸೆ, ವ್ಯಾಯಾಮದಿಂದಲೇ ಶುರು ಮಾಡುತ್ತೇನೆ.

ಕಾಲಿಗೆ ಇಳಿಯುವ ನೋವು ಪೃಷ್ಠದ ಸ್ನಾಯುವಿನದೂ ಇರಬಹುದು, ಬೆನ್ನಿನ ನರದ್ದೂ ಇರಬಹುದು. ಪರೀಕ್ಷೆ ಮಾಡಿಸಿ. ಪಾದ ಎತ್ತಲು ಬಲ ಇಲ್ಲದಿದ್ದರೆ, ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ, ತೊಡೆಯ ಸಂದು ಜೋಮು ಹಿಡಿದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿವೃತ್ತ ಶಿಕ್ಷಕ, ಹಾವೇರಿ

ಧನ್ಯವಾದ ಮೇಡಂ. ನೇರವಾಗಿ ಉತ್ತರಿಸಿದಿರಿ. ವ್ಯಾಯಾಮ ಹೇಳಿಕೊಡುವವರನ್ನು ಇಲ್ಲೇ ಹುಡುಕುತ್ತೇನೆ. ಈ ಸಲ ಮೊದಲ ದಿನವೇ ಕೇಳುತ್ತೇನೆ.

ರೊಟ್ಟಿ ಅಕ್ಕ, ಹಳೇ ಹುಬ್ಬಳ್ಳಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಮಗಳು ಹೆಬ್ಬೆರಳಿನಿಂದ ಒತ್ತಿದಳು. ಏಣಿನ ಕೆಳಗೆ ಒಂದು ಕಡೆ ಒತ್ತಿದಾಗ ಭುಜದ ಮುಂದೆ ಅದೇ ನೋವು ಎದ್ದಿತು. ನಾನು ಚೀರಿದ್ದು ಕೇಳಿ ಪಕ್ಕದ ಮನೆಯವರು ಬಂದರು.

ನಿನ್ನೆ ಫಿಸಿಯೋ ಹತ್ತಿರ ಹೋಗಿ ನೀವು ಬರೆದದ್ದನ್ನೆಲ್ಲ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಎರಡೂ ಕೈ ತಿರುಗಿಸಿ ನೋಡಿದರು. ಬಲಗೈ ಎಡಗೈಗಿಂತ ಸ್ವಲ್ಪವೇ ಕಡಿಮೆ ತಿರುಗುತ್ತದೆ, ಗಕ್ಕನೆ ನಿಲ್ಲುವುದಿಲ್ಲ. ಫ್ರೋಜನ್ ಶೋಲ್ಡರ್ ಈಗ ಕಾಣುತ್ತಿಲ್ಲ, ಆದರೆ ತಿಂಗಳು ಬಿಟ್ಟು ಮತ್ತೆ ಅಳೆಯುತ್ತೇನೆ ಎಂದರು. ಬರೆದುಕೊಂಡರು. ಬ್ಯಾಂಡ್ ವ್ಯಾಯಾಮವನ್ನೂ ಹೇಳಿಕೊಟ್ಟರು. ಶುಗರ್ ರಿಪೋರ್ಟ್ ಹಳೆಯದಿತ್ತು, ಹೊಸದು ಮಾಡಿಸಿಕೊಂಡು ಬನ್ನಿ ಅಂದಿದ್ದಾರೆ.

ಹಲಗೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡು ನಿಂತು ಬಡಿದು ನೋಡಿದೆ. ಮೊದಲು ಕೈ ಕೂರಲಿಲ್ಲ, ರೊಟ್ಟಿ ಅಂಚಿನಲ್ಲಿ ಹರಿಯಿತು. ಈಗ ರೂಢಿಯಾಗುತ್ತಿದೆ. ಭುಜಕ್ಕೆ ಹಗುರ ಅನಿಸುತ್ತಿರುವುದು ನಿಜ.

ಒಂದೇ ಪ್ರಶ್ನೆ ಉಳಿದಿದೆ. ಮುಂದಿನ ವಾರ ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ದೊಡ್ಡ ಆರ್ಡರ್ ಹಿಡಿದುಬಿಟ್ಟಿದ್ದೇನೆ. ಅದಕ್ಕೆ ಮೊದಲೇ ಸೂಜಿ ಹಾಕಿಸಿಕೊಂಡರೆ ನೋವಿಲ್ಲದೆ ಕೆಲಸ ಮಾಡಬಹುದಾ?

ಫಿಸಿಯೋ, ಧಾರವಾಡ

ಬೇಡ ಅಕ್ಕಾ, ಹಬ್ಬ ಮುಗಿದ ಮೇಲೆ ಮಾಡಿಸಿ. ಸೂಜಿ ಹಾಕಿದ ಒಂದೆರಡು ದಿನ ಆ ಸ್ನಾಯು ಹುಣ್ಣಾದ ಹಾಗೆ ಇರುತ್ತದೆ. ಅದು ಇಳಿದ ಮೇಲೆ ನೋವು ಕಡಿಮೆ ಆಗಿದೆ ಅಂತ ನೀವು ಎರಡರಷ್ಟು ಬಡಿಯುತ್ತೀರಿ. ನೋವು ಇಳಿದ ಆ ದಿನಗಳು ನಮಗೆ ಬಲ ತುಂಬಲು ಬೇಕು, ಆರ್ಡರ್ ಮುಗಿಸಲು ಅಲ್ಲ.

ಈ ವಾರ ಬ್ಯಾಂಡ್ ವ್ಯಾಯಾಮ ಬಿಡಬೇಡಿ, ಬಿಗಿ ಮಾತ್ರ ಜಾಸ್ತಿ ಮಾಡಬೇಡಿ. ಮಲಗುವಾಗ ಎಡಮಗ್ಗುಲಿಗೆ ತಿರುಗಿ, ಬಲತೋಳಿನ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಿ. ಬಿಸಿ ಶಾಖ ಕೊಟ್ಟುಕೊಳ್ಳಬಹುದು, ಆದರೆ ಶುಗರ್ ಇದೆ, ಚರ್ಮ ಸುಟ್ಟದ್ದು ಬೇಗ ಗೊತ್ತಾಗದೆ ಇರಬಹುದು. ಬಟ್ಟೆ ಸುತ್ತಿ ಕೊಡಿ, ಮಗಳು ಮೊದಲು ಮುಟ್ಟಿ ನೋಡಲಿ. ಆ ಇನ್ನಿಬ್ಬರು ಹೆಂಗಸರಿಗೆ ಇವತ್ತೇ ಹೇಳಿ ಕಳಿಸಿ. ನಾದುವ ಕೆಲಸ ಅವರದು.